ಕಾಗೆಯ ಪಾಲಿನ ತುಪ್ಪ

ನಮ್ಮ ಹಿತ್ತಲ ಗೋಡೆಯ ಮೇಲೆ ದಿನಾ ಬಂದು ಕೂರುವ ಕಾಗೆಯೊಂದು ಈಚೆಗೆ ದಪ್ಪಗಾಗಿದೆ. ಮೊದಲು ಅದು ಚಾಮರಾಜಪೇಟೆಯ ಎಲ್ಲ ಕಾಗೆಗಳ ಹಾಗೆ ಬಡಕಲಾಗಿಯೇ ಇತ್ತು. ಈಗ ಕತ್ತಿನ ಹತ್ತಿರ ಒಂದು ಹೊಳಪು ಬಂದಿದೆ. ಕೂರುವಾಗ ಮದುವೆಮನೆಯ ಹಿರಿಯರ ಹಾಗೆ ನಿಧಾನವಾಗಿ ಕೂರುತ್ತದೆ. ಅದು ದಪ್ಪಗಾದದ್ದು ನನ್ನಿಂದ. ಆದರೆ ನನ್ನಿಂದ ಅಂತ ನನಗೇ ಗೊತ್ತಾಗುವುದಕ್ಕೆ ಇಪ್ಪತ್ತೆರಡು ದಿನ ಹಿಡಿಯಿತು. ಆ ಇಪ್ಪತ್ತೆರಡು ದಿನದ ವಿಷಯ ಹೇಳುತ್ತೇನೆ. ನಡುವೆ ಬೇರೆ ಮಾತು ಬಂದರೆ ಬಂತು. ಎಂಬತ್ತಾದವಳು ಗೆರೆ ಎಳೆದ ಹಾಗೆ ಮಾತಾಡುವುದಿಲ್ಲ.

ನಮ್ಮ ಮನೆಯಲ್ಲಿ ಮೂರು ಜನ. ನಾನು, ನನ್ನ ಮಗ ಪ್ರಸನ್ನ, ಸೊಸೆ ಗಿರಿಜ. ಮೊಮ್ಮಗಳು ಮದುವೆಯಾಗಿ ಮತ್ತಿಕೆರೆಯಲ್ಲಿದ್ದಾಳೆ, ಅವಳ ವಿಷಯ ಇಲ್ಲಿ ಬೇಡ. ಪ್ರಸನ್ನನಿಗೆ ತಟ್ಟೆಗೆ ಏನು ಬಿದ್ದರೂ “ಚೆನ್ನಾಗಿದೆ”. ಒಂದು ಸಲ ಸಾರಿಗೆ ಉಪ್ಪು ಹಾಕುವುದನ್ನೇ ಮರೆತಿದ್ದೆ, ಆವತ್ತೂ ಚೆನ್ನಾಗಿದೆ ಅಂದ. ಅವನ ಮಾತು ನಂಬಿಕೊಂಡು ಅಡುಗೆ ಮಾಡುವಂತಿಲ್ಲ. ಗಿರಿಜ ಸ್ಕೂಲ್ ಟೀಚರಾಗಿದ್ದವಳು, ಹೋದ ವರ್ಷ ರಿಟೈರಾದಳು. ಅವಳು ಈ ಮನೆಗೆ ಬಂದಾಗ ನನಗೆ ಓದು ಬರಹ ಬರುತ್ತಿರಲಿಲ್ಲ. ಅಡುಗೆಮನೆಯ ಡಬ್ಬಗಳನ್ನು ಅವುಗಳ ನೆಗ್ಗು ನೋಡಿ ಗುರುತು ಹಿಡಿಯುತ್ತಿದ್ದೆ. ತೊಗರಿಬೇಳೆಯ ಡಬ್ಬಕ್ಕೆ ಮುಚ್ಚಳದ ಹತ್ತಿರ ನೆಗ್ಗು, ಕಡಲೆಬೇಳೆಯದಕ್ಕೆ ಹೊಟ್ಟೆಯಲ್ಲಿ. ಅವಳು ಬಂದ ಮೂರನೇ ತಿಂಗಳು ಎಲ್ಲ ಡಬ್ಬಕ್ಕೂ ಚೀಟಿ ಅಂಟಿಸಿದಳು. ನನಗೆ ಓದಲು ಬರುವುದಿಲ್ಲ ಅಂತ ಅವಳಿಗೆ ಗೊತ್ತಿತ್ತು, ಗೊತ್ತಿದೆ ಅಂತ ಒಂದು ದಿನವೂ ತೋರಿಸಿಕೊಳ್ಳಲಿಲ್ಲ. ದಿನಾ ಡಬ್ಬ ನೋಡುತ್ತ ನೋಡುತ್ತ ನಾನು ಬೇಳೆಯಿಂದ ಅಕ್ಷರ ಕಲಿತೆ. ಈ ಕಾಗದದ ಮೇಲೆ ನಾಲ್ಕು ಸಾಲು ಗೀಚುತ್ತಿದ್ದರೆ ಅದು ಆ ಚೀಟಿಗಳ ದಯೆ.

ಇಂಥ ಗಿರಿಜ ಒಂದು ಬೆಳಿಗ್ಗೆ ಕಾಫಿ ಲೋಟವನ್ನು ನನ್ನ ಕಡೆಗೆ ತಳ್ಳಿ, “ಅತ್ತೆ, ನನಗೆ ಇನ್ಮೇಲೆ ಹಾಲು ಬೇಡ” ಅಂದಳು.

“ಕಾಫಿಗೆ ಹಾಲು ಕಮ್ಮಿ ಮಾಡ್ಲಾ?”

“ಕಾಫಿಗೊಂದೇ ಅಲ್ಲ. ಹಾಲು, ಮೊಸರು, ಬೆಣ್ಣೆ, ತುಪ್ಪ, ಯಾವ್ದೂ ಬೇಡ. ವೀಗನ್ ಅಂತಾರೆ ಅದಕ್ಕೆ.”

“ಯಾವ ದೇವರಿಗೆ ಹರಕೆ ಹೊತ್ತಿದೀಯ?”

“ದೇವರಿಗಲ್ಲ ಅತ್ತೆ.”

“ಮತ್ತೆ ಡಾಕ್ಟರು ಹೇಳಿದ್ರಾ?”

“ಯಾರೂ ಹೇಳಿಲ್ಲ. ನನಗೇ ಬೇಡ ಅನ್ನಿಸ್ತು.”

ಪ್ರಸನ್ನ ಪೇಪರಿನ ಹಿಂದಿನಿಂದಲೇ “ಒಳ್ಳೇದೇ” ಅಂದ.

ಇಂಥದ್ದನ್ನೆಲ್ಲ ಹುಡುಗ ಹುಡುಗಿಯರು ಶುರು ಮಾಡುತ್ತಾರೆ ಅಂತ ನಾನು ಕೇಳಿದ್ದೆ. ಅರವತ್ತಾದ ಸೊಸೆ ಶುರು ಮಾಡಿದರೆ ಬೈಯುವುದಕ್ಕೂ ಬರುವುದಿಲ್ಲ. ಆ ಲೋಟದ ಕಾಫಿಯನ್ನು ನಾನೇ ಕುಡಿದೆ. ಎರಡು ದಿನ ಕಳೆದ ಮೇಲೆ ಕೊರಿಯರಿನವನು ಒಂದು ಚಪ್ಪಟೆ ಡಬ್ಬ ತಂದುಕೊಟ್ಟ. ಅದರ ಮೇಲೆ ಒಲೆಯ ಚಿತ್ರವಿತ್ತು, ಕರೆಂಟಿನದು.

“ಇದ್ಯಾಕೆ?” ಅಂದೆ.

“ನಿಮಗ್ಯಾಕೆ ತೊಂದ್ರೆ ಅತ್ತೆ, ಈ ವಯಸ್ಸಲ್ಲಿ ಎರಡೆರಡು ಥರ ಮಾಡ್ಕೊಂಡು. ನನ್ನದು ನಾನೇ ಮೂಲೇಲಿ ಬೇಯಿಸ್ಕೊತೀನಿ.”

ಅವಳು ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು. ಆದರೆ ಒಂದು ಮನೆಯಲ್ಲಿ ಎರಡನೇ ಒಲೆ ಅಂದರೆ ಏನು ಅಂತ ನನಗೆ ಗೊತ್ತು. ಈ ಮನೆಯಲ್ಲಿ ಒಂದು ಸಲ ನಾನೇ ಅದನ್ನು ಹೂಡಿದ್ದೆ.

ನಮ್ಮಪ್ಪ ಮದುವೆಮನೆಗಳಲ್ಲಿ ಅಡುಗೆ ಮಾಡುತ್ತಿದ್ದರು. ಕೊಳಗಗಟ್ಟಲೆ ತುಪ್ಪ ಕಾಯಿಸಿದ ಮನುಷ್ಯ, ಮನೆಯಲ್ಲಿ ಒಂದು ತೊಟ್ಟು ತುಪ್ಪವಿರಲಿಲ್ಲ. ಅಪ್ಪ ಮನೆಗೆ ಬಂದ ಕೂಡಲೇ ನಾವು ಮಕ್ಕಳು ಅವರ ಅಂಗೈ ಹಿಡಿದು ಮೂಸುತ್ತಿದ್ದೆವು. ಕೆಲವು ಸಲ ಅಪ್ಪನೇ ನಮ್ಮ ಬಿಸಿ ಅನ್ನದ ಮೇಲೆ ಅಂಗೈ ಆಡಿಸುತ್ತಿದ್ದರು. ಏನೂ ಬೀಳುತ್ತಿರಲಿಲ್ಲ, ವಾಸನೆ ಬಂದಂತಾಗುತ್ತಿತ್ತು. ನಮಗೆ ತುಪ್ಪ ಅಂದರೆ ಅಪ್ಪನ ಅಂಗೈ.

ಹದಿನಾರಕ್ಕೆ ಈ ಮನೆಗೆ ಬಂದೆ. ಬಂದ ವಾರವೇ ನಮ್ಮತ್ತೆ ಹಿತ್ತಾಳೆಯ ತುಪ್ಪದ ಮಿಳ್ಳೆಯನ್ನು ನನ್ನ ಕೈಗೆ ಕೊಟ್ಟು, “ಅನ್ನಶುದ್ಧಿ ಇನ್ಮೇಲೆ ನಿನ್ನದು” ಅಂದರು. ಅನ್ನ ಆದಮೇಲೆ, ಯಾರೂ ಮುಟ್ಟುವ ಮೊದಲು, ತಪ್ಪಲೆಯ ನಡುಮಧ್ಯಕ್ಕೆ ಒಂದು ತೊಟ್ಟು ತುಪ್ಪ ಬಿಡಬೇಕು. ಆ ತೊಟ್ಟು ಬಿದ್ದರೆ ಅನ್ನ, ಅಲ್ಲಿಯವರೆಗೆ ಬರೀ ಬೆಂದ ಅಕ್ಕಿ. ಅಪ್ಪನ ಅಂಗೈ ಮೂಸಿ ಬೆಳೆದವಳ ಕೈಗೆ ತುಪ್ಪ ತುಂಬಿದ ಮಿಳ್ಳೆ. ಆ ಕ್ಷಣ ನಮ್ಮತ್ತೆ ಕೇಳಿದ್ದರೆ ಪ್ರಾಣ ಕೊಡುತ್ತಿದ್ದೆ. ಅವರು ಪ್ರಾಣ ಕೇಳಲಿಲ್ಲ, ಹುಳಿಗೆ ಬೆಲ್ಲ ಹಾಕು ಅಂದರು. ಅದೊಂದು ನನ್ನಿಂದ ಆಗಲಿಲ್ಲ.

ನಿಮಗೆ ನಗು ಬರಬಹುದು. ನಮ್ಮಪ್ಪ ಹುಳಿಗೆ ಬೆಲ್ಲ ಹಾಕಿದವರಲ್ಲ, ಬೆಲ್ಲ ಹಾಕಿದ ಹುಳಿಗೆ ಪಾಯಸ ಅನ್ನುತ್ತಿದ್ದರು. ನಮ್ಮತ್ತೆ ಬೆಲ್ಲವಿಲ್ಲದ ಹುಳಿಗೆ ಕಷಾಯ ಅನ್ನುತ್ತಿದ್ದರು. ನಾನು ಹಾಕದೆ ಇಳಿಸುವುದು, ಅವರು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದು, ನನ್ನ ಬೆನ್ನ ಹಿಂದೆ ಒಂದು ಚೂರು ಹಾಕುವುದು. ಆರು ವರ್ಷ ಹೀಗೇ ನಡೆಯಿತು. ಒಂದು ದಿನ ಅವರು ಹಾಕಿದ ಬೆಲ್ಲವನ್ನು ಸೌಟಿನಲ್ಲಿ ಎತ್ತಿ ಮೋರಿಗೆ ಎಸೆದೆ. ಮಾರನೇ ದಿನ ಹಿಂದಿನ ಕೋಣೆಯಲ್ಲಿ ಬೇರೆ ಒಲೆ ಹೂಡಿದೆ. ಹೋಗುವಾಗ ಮಿಳ್ಳೆಯನ್ನೂ ತೆಗೆದುಕೊಂಡು ಹೋದೆ. ಕೇಳಿ ತೆಗೆದುಕೊಳ್ಳಲಿಲ್ಲ, ಎತ್ತಿಕೊಂಡು ಹೋದೆ. ಅವರು ಆಮೇಲೆ ಟೀ ಚಮಚದಲ್ಲಿ ತುಪ್ಪ ಹಾಕಿಕೊಳ್ಳುತ್ತಿದ್ದರು.

ಹನ್ನೊಂದು ವರ್ಷ ಒಂದೇ ಸೂರಿನ ಕೆಳಗೆ ಎರಡು ಒಲೆ ಉರಿದವು. ನನ್ನ ಗಂಡ ಎರಡೂ ಕಡೆ ಊಟ ಮಾಡುತ್ತಿದ್ದರು, ಎರಡೂ ಕಡೆ ಚೆನ್ನಾಗಿದೆ ಅನ್ನುತ್ತಿದ್ದರು. ಪ್ರಸನ್ನನಿಗೆ ಆ ಗುಣ ಅಲ್ಲಿಂದಲೇ ಬಂದದ್ದು. ಕೊನೆಗೆ ನಮ್ಮತ್ತೆ ಹಾಸಿಗೆ ಹಿಡಿದರು, ಅವರಿಗೂ ನನ್ನ ಒಲೆಯಲ್ಲೇ ಗಂಜಿ ಬೇಯಿಸಿದೆ. ನೋಡುವವರು ಒಲೆ ಒಂದಾಯಿತು ಅಂದರು. ಒಂದಾಗಲಿಲ್ಲ. ಒಂದು ಆರಿತು, ಅಷ್ಟೆ. ಒಂದು ದಿನ ಗಂಜಿ ಕುಡಿಸುವಾಗ ಅವರು ಕಣ್ಣು ಬಿಡದೆಯೇ, “ಬೆಲ್ಲ ಹಾಕಿದೀಯೇನೇ?” ಅಂದರು. “ಗಂಜಿಗೆ ಯಾರು ಹಾಕ್ತಾರೆ” ಅಂದೆ. ಅವರು ನನ್ನ ಹತ್ತಿರ ಆಡಿದ ಕೊನೆಯ ಮಾತು ಅದು, ನಾನು ಕೊಟ್ಟ ಉತ್ತರ ಇದು.

ಅದಕ್ಕೇ ಗಿರಿಜನ ಡಬ್ಬ ನೋಡಿದ ಕೂಡಲೇ ಅದನ್ನು ನನ್ನ ಕಡೆ ಎಳೆದುಕೊಂಡೆ. ಕೂತೆ. ಕೂತು ಹೇಳಿದೆ, “ಆ ಡಬ್ಬ ಬಿಚ್ಚಬೇಡ. ಒಂದು ತಿಂಗಳು ನಾನೇ ಮಾಡಿ ಹಾಕ್ತೀನಿ. ಒಂದೇ ಒಂದು ದಿನ ತಪ್ಪಿ ನಿನ್ನ ತಟ್ಟೆಗೆ ಹಾಲಿಂದು ಏನಾದ್ರೂ ಬಿತ್ತು ಅಂದ್ರೆ, ಆವತ್ತೇ ಬಿಚ್ಕೊ.”

“ಪಂತಾನಾ ಅತ್ತೆ?”

“ಪಂತ ಅಂತಲೇ ಇಟ್ಕೊ.”

ಡಬ್ಬವನ್ನು ಉಗ್ರಾಣದ ಮೂಲೆಯಲ್ಲಿ ಗೋಡೆಗೆ ಒರಗಿಸಿ ಇಟ್ಟಳು. ದಿನಾ ಬೇಳೆ ತೆಗೆಯಲು ಹೋದಾಗ ಅದು ನನ್ನನ್ನು ನೋಡುತ್ತಿತ್ತು.

ಅಡುಗೆ ಅಷ್ಟೇನೂ ಕಷ್ಟವಾಗಲಿಲ್ಲ. ಸಾರಿನ ಒಗ್ಗರಣೆಗೆ ತುಪ್ಪದ ಬದಲು ಎಣ್ಣೆ. ಹುಳಿ, ಗೊಜ್ಜು, ಪಲ್ಯ, ಕೋಸಂಬರಿಗೆ ಹಾಲಿನ ಹಂಗಿಲ್ಲ. ನಮ್ಮಿಬ್ಬರ ತುಪ್ಪವನ್ನು ನಾನೂ ಪ್ರಸನ್ನನೂ ತಟ್ಟೆಗೆ ಹಾಕಿಕೊಳ್ಳುವುದು, ಗಿರಿಜನ ತಟ್ಟೆಯ ಕಡೆ ಹೋಗದಿರುವುದು. ಕಾಫಿ ಮಾತ್ರ ಕೈಕೊಟ್ಟಿತು. ತೆಂಗಿನ ಹಾಲು ಬೆರೆಸಿದೆ, ಒಡೆಯಿತು. ಕಡಲೆಕಾಯಿ ಹಾಲು ಬೆರೆಸಿದೆ, ಅದನ್ನು ಕುಡಿಯುವುದಕ್ಕಿಂತ ಕಾಫಿಯನ್ನೇ ಬಿಡುವುದು ಮೇಲು. ಕೊನೆಗೆ ಬರೀ ಡಿಕಾಕ್ಷನ್‌ಗೆ ಬೆಲ್ಲ ಹಾಕಿ ಕೊಟ್ಟೆ. “ಇದು ಚೆನ್ನಾಗಿದೆ ಅತ್ತೆ, ಎಲ್ಲಿ ಕಲಿತ್ರಿ?” ಅಂದಳು. ಕಲಿತದ್ದು ಎಲ್ಲಿ. ನಮ್ಮ ತವರಲ್ಲಿ ಹಾಲಿಗೆ ಗತಿಯಿಲ್ಲದೆ ಕುಡಿದದ್ದೇ ಅದು. ಆ ಕಾಫಿಯನ್ನು ಇನ್ನೊಬ್ಬರಿಗೆ ಕೊಡುವ ದಿನ ಬರುತ್ತದೆ ಅಂತ ನಾನು ಅಂದುಕೊಂಡಿರಲಿಲ್ಲ, ಅದನ್ನು ಕೇಳಿ ಪಡೆಯುವವರು ಇರುತ್ತಾರೆ ಅಂತಲೂ.

ಇನ್ನು ಮೊಸರು. ಮೊಸರನ್ನವಿಲ್ಲದೆ ತಟ್ಟೆ ಬಿಟ್ಟು ಏಳುವುದು ನಮ್ಮ ಕಡೆ ಊಟದ ಲೆಕ್ಕವಲ್ಲ, ಮುನಿಸಿನ ಲೆಕ್ಕ. ಕಡಲೆಕಾಯಿ ಬೀಜ ನೆನೆಹಾಕಿ, ಸಿಪ್ಪೆ ತೆಗೆದು, ರುಬ್ಬಿ, ಬಟ್ಟೆಯಲ್ಲಿ ಹಿಂಡಿ, ಆ ಹಾಲನ್ನು ಕಾಯಿಸಿದೆ. ಹೆಪ್ಪು ಹಾಕೋಣ ಅಂದರೆ ಹೆಪ್ಪೇ ಮೊಸರು, ಅದನ್ನು ಹಾಕುವಂತಿಲ್ಲ. ಆಗ ನಮ್ಮಮ್ಮ ನೆನಪಾದಳು. ಅಪರೂಪಕ್ಕೆ ಹಾಲು ಸಿಕ್ಕಿ ಹೆಪ್ಪಿಗೆ ಗತಿಯಿಲ್ಲದ ದಿನ ಅವಳು ಹಸಿಮೆಣಸಿನಕಾಯಿಯ ತೊಟ್ಟು ಕಿತ್ತು ಉಗುರುಬೆಚ್ಚಗಿನ ಹಾಲಿಗೆ ಹಾಕಿಡುತ್ತಿದ್ದಳು. ನಾನೂ ಹಾಗೇ ಮಾಡಿದೆ. ಮೊದಲ ದಿನ ಹೆಪ್ಪಾಗದೆ ನಾರಿತು. ಎರಡನೇ ಸಲ ನೀರು ಬೇರೆ, ಗಸಿ ಬೇರೆ. ಮೂರನೇ ಸಲ ಹೆಪ್ಪಾಯಿತು. ಅದನ್ನು ಮೊಸರು ಅನ್ನಲಾರೆ. ಮೊಸರಿನ ನೆಂಟ ಅನ್ನಬಹುದು, ದೂರದ ನೆಂಟ. ಸಾಸಿವೆ, ಶುಂಠಿ, ಕರಿಬೇವಿನ ಒಗ್ಗರಣೆ ಬಿದ್ದ ಮೇಲೆ ನೆಂಟಸ್ತನ ಸ್ವಲ್ಪ ಹತ್ತಿರವಾಯಿತು. ಪ್ರಸನ್ನನಿಗೂ ಅದನ್ನೇ ಬಡಿಸಿ ನೋಡಿದೆ. ಏನಂದಿರಬಹುದು ಅಂತ ನಿಮಗೆ ಗೊತ್ತು.

ಆ ಬೀಜದ ಸಿಪ್ಪೆ ತೆಗೆಯುತ್ತ ಕೂತಿದ್ದಾಗಲೇ ಗಿರಿಜ ಕಾರಣ ಹೇಳಿದ್ದು. ನಾನು ಕೇಳಿರಲಿಲ್ಲ.

“ಮಾರ್ಕೆಟ್ ಹಿಂದಿನ ಗಲ್ಲೀಲಿ ಒಂದು ಹೋರಿಗರು ಕಟ್ಟಿಹಾಕಿದ್ರು ಅತ್ತೆ. ಎಳೇದು. ಮೂರು ದಿನ ನೋಡ್ದೆ. ನಾಲ್ಕನೇ ದಿನ ಬರೀ ಹಗ್ಗ ಇತ್ತು.”

“ಸತ್ತುಹೋಯ್ತಾ?”

“ಗೊತ್ತಿಲ್ಲ. ಕೇಳೋಕೆ ಧೈರ್ಯ ಬರ್ಲಿಲ್ಲ.”

ನಾನು ಚಿಕ್ಕವಳಾಗಿದ್ದಾಗ ನಮ್ಮ ಬೀದಿಗೆ ಹಾಲಿನವನು ಎಮ್ಮೆಯನ್ನೇ ಹೊಡೆದುಕೊಂಡು ಬರುತ್ತಿದ್ದ, ಸ್ಥಿತಿವಂತರ ಮನೆಯ ಬಾಗಿಲಲ್ಲೇ ಕರೆದು ಕೊಡುತ್ತಿದ್ದ. ಅವನ ಕಂಕುಳಲ್ಲಿ ಕೊಡೆ ಇಟ್ಟುಕೊಂಡ ಹಾಗೆ ಒಂದು ಕರು ಇರುತ್ತಿತ್ತು. ಸತ್ತ ಕರುವಿನ ತೊಗಲಿಗೆ ಹುಲ್ಲು ತುಂಬಿ ಹೊಲಿದದ್ದು. ಅದನ್ನು ಮುಂದೆ ನಿಲ್ಲಿಸಿದರೆ ಎಮ್ಮೆ ನೆಕ್ಕುತ್ತ ಹಾಲು ಬಿಡುತ್ತಿತ್ತು. ಇದು ಯಾಕೆ ನಡೆಯಲ್ಲ ಅಂತ ಅಮ್ಮನನ್ನು ಕೇಳಿದ್ದೆ. ನಿದ್ದೆ ಮಾಡ್ತಿದೆ ಅಂದಿದ್ದಳು. ಎದ್ದಾಗ ತಿನ್ನಲಿ ಅಂತ ಅದರ ಮುಂದೆ ಒಂದು ಬಾಳೆಹಣ್ಣಿನ ಸಿಪ್ಪೆ ಇಟ್ಟೆ. ಎಮ್ಮೆ ತಿಂದುಕೊಂಡಿತು. ಅದು ಬೊಂಬೆ ಅಂತ ಗೊತ್ತಾದ ಮೇಲೆ ನಾನೇನೂ ಹಾಲು ಬಿಡಲಿಲ್ಲ. ಬಿಡುವುದಕ್ಕೆ ನಮಗೆ ಹಾಲು ಇದ್ದರಲ್ಲವೇ. ಈಗಲೂ ಬಿಟ್ಟಿಲ್ಲ, ಬಿಡುವುದೂ ಇಲ್ಲ. ಆದರೆ ಗಿರಿಜ ಬಿಟ್ಟದ್ದು ಯಾಕೆ ಅಂತ ಇನ್ನೊಬ್ಬರು ನನಗೆ ಬಿಡಿಸಿ ಹೇಳಬೇಕಾಗಿಲ್ಲ.

ಈ ನಡುವೆ ಮಲ್ಲೇಶ್ವರದಲ್ಲಿ ಒಂದು ನಾಮಕರಣಕ್ಕೆ ಹೋಗಬೇಕಾಯಿತು. ಎಲೆಗೆ ಕೈ ಅಡ್ಡ ಹಿಡಿದರೆ ಬಡಿಸುವವರಿಗೆ ಉತ್ಸಾಹ ಇನ್ನೂ ಹೆಚ್ಚು. “ಸಂಕೋಚ ಮಾಡ್ಕೋಬೇಡಿ, ಸ್ವಲ್ಪ ಹಾಕಿಸ್ಕೊಳಿ” ಅಂತ ತುಪ್ಪದವನು ಗಿರಿಜನ ಬೆರಳ ಸಂದಿಗೇ ಬಿಡಲು ನೋಡಿದ. ಪಾಯಸ ಬಂತು, ಬೇಡ ಅಂದಳು. ಮಜ್ಜಿಗೆಹುಳಿ ಬಂತು, ಬೇಡ. ಎದುರಿಗೆ ಕೂತಿದ್ದ ನೆಂಟರ ಪೈಕಿ ಹೆಂಗಸೊಬ್ಬಳು ನನ್ನ ಕಿವಿಯ ಹತ್ತಿರ ಬಂದು, “ಏನಜ್ಜಿ, ಸೊಸೆ ಮುನಿಸ್ಕೊಂಡಿದಾರಾ? ಮನೇಲಿ ಏನಾದ್ರೂ ಆಯ್ತಾ?” ಅಂತ ಕೇಳಿದಳು. ನೋಡಿ, ನಮ್ಮ ಜನ ತುಪ್ಪ ಬೇಡ ಅಂದರೆ ಮೊದಲು ಹುಡುಕುವುದು ಅತ್ತೆಯ ತಪ್ಪನ್ನು. ನಾನು, “ಮನೇಲಿ ಒಂದೇ ಒಲೆ ಇದೆಯಮ್ಮ, ಚೆನ್ನಾಗಿ ಉರೀತಿದೆ” ಅಂದೆ. ಅವಳಿಗೆ ಅರ್ಥವಾಗಲಿಲ್ಲ.

ಇನ್ನೊಂದು ಹೊಸ ವಿಷಯ ನಡೆದಿತ್ತು. ಕಾಗೆಗೆ ಅನ್ನ ಇಡುವುದು ನಮ್ಮ ಮನೆಯಲ್ಲಿ ಮೊದಲಿನಿಂದ ನನ್ನ ಕೆಲಸ. ಈಗ ಗಿರಿಜ ಅದನ್ನು ತಾನೇ ವಹಿಸಿಕೊಂಡಳು. ನಾನು ತಪ್ಪಲೆ ಇಳಿಸಿ ಆ ಕಡೆ ತಿರುಗಿದರೆ ಸಾಕು, ಅವಳು ಸೌಟಿನ ತುಂಬ ಅನ್ನ ತೆಗೆದುಕೊಂಡು ಹಿತ್ತಲಿಗೆ ಹೋಗುತ್ತಿದ್ದಳು. ಮೊದಲೆಲ್ಲ ನಾನು ಇಡುತ್ತಿದ್ದದ್ದು ನಿಂಬೆಹಣ್ಣಿನಷ್ಟು, ಅವಳದು ಧಾರಾಳ. ರಿಟೈರಾದ ಮೇಲೆ ದೇವರು ದಿಂಡರ ಮೇಲೆ ಭಕ್ತಿ ಬಂದಿರಬೇಕು ಅಂದುಕೊಂಡೆ. “ಅಷ್ಟೊಂದು ಯಾಕೆ? ಕಾಗೆಗೆ ಮದುವೆಯಾ?” ಅಂತ ರೇಗಿಸಿಯೂ ರೇಗಿಸಿದೆ. “ಪಾಪ, ಹಸಿದಿರತ್ತೆ” ಅಂದು ನಕ್ಕಳು.

ಇಪ್ಪತ್ತೆರಡನೇ ದಿನ ನಾವಿಬ್ಬರೂ ಚಿಕ್ಕಪೇಟೆಗೆ ಸೀರೆ ತರಲು ಹೋದೆವು. ನಾಲ್ಕು ಅಂಗಡಿ ಹತ್ತಿ ಇಳಿಯುವುದರಲ್ಲಿ ನನ್ನ ಮಂಡಿ ಸೋತಿತು. ಗಲ್ಲಿಯ ಒಂದು ಪುಟ್ಟ ಹೋಟೆಲಿಗೆ ನುಗ್ಗಿದೆವು. ನಿಂತು ತಿನ್ನುವ ಜಾಗ. ಕ್ಯಾಷಿನವನು ನನ್ನ ವಯಸ್ಸು ನೋಡಿ ಎಲ್ಲಿಂದಲೋ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಸಿದ. ಅವನ ಹೊಟ್ಟೆ ತಣ್ಣಗಿರಲಿ.

“ಎರಡು ಸಾದಾ ದೋಸೆ. ಒಂದಕ್ಕೆ ಬೆಣ್ಣೆ, ತುಪ್ಪ ಏನೂ ಬೇಡ. ಚಟ್ನಿಗೆ ಮೊಸರು ಹಾಕ್ತೀರಾ?” ಅಂದಳು ಗಿರಿಜ.

“ಜೈನ್‌ ಊಟಾನಾ ಮೇಡಂ? ಈರುಳ್ಳಿ, ಬೆಳ್ಳುಳ್ಳಿ ಇಲ್ದೇ ಮಾಡಿಸ್ತೀನಿ.”

“ಈರುಳ್ಳಿ ಇರ್ಲಿ. ಹಾಲಿಂದು ಬೇಡ.”

“ಕೊಲೆಸ್ಟ್ರಾಲಾ?”

“ಅಲ್ಲ.”

ಅವನು ಟೋಕನ್ ಕೊಡದೆ ಗಿರಿಜನ ಮುಖವನ್ನೇ ನೋಡುತ್ತಿದ್ದ. ಹಿಂದೆ ಆರು ಜನ ಕಾಯುತ್ತಿದ್ದರು. ನಾನು ಕುರ್ಚಿಯಿಂದಲೇ, “ವ್ರತ ಕಣಪ್ಪ” ಅಂದೆ.

“ಹಾಗೆ ಹೇಳಿ ಮತ್ತೆ” ಅಂದ. ವ್ರತ ಅಂದ ಕೂಡಲೇ ಎಲ್ಲ ಸುಸೂತ್ರವಾಯಿತು. ಒಳಗೆ ತಿರುಗಿ, “ಒಂದು ಸಾದಾ, ವ್ರತದ್ದು, ಬರೀ ಎಣ್ಣೆ” ಅಂತ ಕೂಗಿದ. ಆಮೇಲೆ ಗಿರಿಜನ ಕಡೆ ಬಾಗಿ, “ಎಷ್ಟು ದಿನದ್ದು ಮೇಡಂ?” ಅಂದ.

“ಇನ್ನೂ ಗೊತ್ತಿಲ್ಲ” ಅಂದಳು.

ದೋಸೆಯವನು ಕಾವಲಿಯ ಮೇಲೆ ಹನ್ನೆರಡು ದೋಸೆ ಹರಡಿದ್ದ. ನಾನು ಕಣ್ಣು ಕೀಳದೆ ನೋಡುತ್ತಿದ್ದೆ. ಅವನು ನಮ್ಮ ದೋಸೆಯನ್ನು ಮೂಲೆಯಲ್ಲಿ ಬೇರೆ ಹುಯ್ದ, ಎಣ್ಣೆ ಬಿಟ್ಟ, ನಮ್ಮನ್ನು ನೋಡಿ ತಲೆಯಾಡಿಸಿದ. ಆಮೇಲೆ ಬೆಣ್ಣೆಯ ಡಬರಿಗೆ ಚಮಚ ಅದ್ದಿ, ಒಂದರಿಂದ ಹನ್ನೆರಡರವರೆಗೆ ಟಪಟಪ ಅಂತ ಹಾಕುತ್ತ ಬಂದವನು, ಮೂಲೆಯದಕ್ಕೂ ಟಪ್ ಅಂತ ಹಾಕಿಬಿಟ್ಟ.

ನನಗೆ ತಡೆಯಲಾಗಲಿಲ್ಲ. “ಏನಯ್ಯಾ, ಕಿವಿ ಕೇಳ್ಸಲ್ವಾ ನಿನಗೆ? ಬೇಡ ಅಂತ ಅಷ್ಟು ಹೇಳಿದ್ರೂ ಹಾಕಿದೆಯಲ್ಲ.”

ಅವನು ತನ್ನ ಕೈಯನ್ನೇ ನೋಡಿಕೊಂಡ. ಬೇರೆಯವರ ಕೈ ನೋಡಿದ ಹಾಗೆ ನೋಡಿಕೊಂಡ. “ಕಿವಿಗೆ ಕೇಳಿಸ್ತಮ್ಮ. ಕೈಗೆ ಕೇಳಿಸ್ಲಿಲ್ಲ. ಇಪ್ಪತ್ತೈದು ವರ್ಷದ ಕೈ ಇದು, ಅದರಷ್ಟಕ್ಕದೇ ಹೋಗ್ಬಿಡತ್ತೆ. ಇನ್ನೊಂದು ಹುಯ್ದು ಕೊಡ್ತೀನಿ ಇರಿ.”

“ಕೈ ಅಂತೆ, ಹೋಗತ್ತಂತೆ. ಬುದ್ಧಿ ಎಲ್ಲಿಟ್ಟಿರ್ತಾರೋ” ಅಂತ ನಾನು ಇನ್ನೂ ಗೊಣಗುತ್ತಿದ್ದೆ. ಗಿರಿಜ ನನ್ನ ಹೆಗಲು ಮುಟ್ಟಿದಳು.

“ಬೈಬೇಡಿ ಅತ್ತೆ ಅವರನ್ನ. ಮನೇಲಿ ನೀವೂ ದಿನಾ ಹಾಕ್ತೀರಲ್ಲ.”

“ನಾನಾ? ಏನು ಹಾಕ್ತೀನಿ?”

“ತುಪ್ಪ. ಅನ್ನದ ತಪ್ಪಲೆಗೆ. ಇಳಿಸಿದ ತಕ್ಷಣ.”

ಇಲ್ಲ ಅಂದೆ. ಸಾಧ್ಯವೇ ಇಲ್ಲ ಅಂದೆ. ಅಂದು, ನನ್ನ ಬಲಗೈಯನ್ನು ನೋಡಿಕೊಂಡೆ. ಅರವತ್ತನಾಲ್ಕು ವರ್ಷದ ಕೈ. ಅನ್ನ ಇಳಿಸಿದ ಮೇಲೆ ಅದು ಏನು ಮಾಡುತ್ತದೆ ಅಂತ ನಾನು ಯಾವತ್ತು ನೋಡಿದ್ದೆ. ಉಸಿರಾಡುವುದನ್ನು ಯಾರು ನೋಡಿಕೊಳ್ಳುತ್ತಾರೆ.

“ಅಯ್ಯೋ ಶಿವನೇ. ಇಷ್ಟು ದಿನ ಅದನ್ನೇ ತಿಂದೆಯಾ?”

“ಇಲ್ಲ. ತುಪ್ಪ ಬೀಳೋದು ನಡುಮಧ್ಯಕ್ಕೆ ಅಲ್ವಾ? ಅಷ್ಟು ಅನ್ನ ತೋಡಿ ಕಾಗೆಗೆ ಇಡ್ತಿದ್ದೆ.”

“ಮೊದಲ್ನೇ ದಿನವೇ ಬಾಯಿಬಿಟ್ಟು ಹೇಳೋಕೆ ನಿನಗೇನು ಧಾಡಿ?”

“ಹೇಳಿದ್ರೆ ಪಂತ ಸೋತೆ, ಡಬ್ಬ ಬಿಚ್ಚು ಅಂತ ನೀವೇ ಹಟ ಹಿಡೀತಿದ್ರಿ. ನಿಮ್ಮ ಹಟ ನನಗೆ ಗೊತ್ತಿಲ್ವಾ.”

“ಒಲೆ ತರಿಸಿದ್ದು ನೀನೇ.”

“ತರಿಸ್ದೆ. ಆಮೇಲೆ ನಿಮ್ಮ ಮುಖ ನೋಡ್ದೆ.”

ಅಷ್ಟರಲ್ಲಿ ದೋಸೆಯವನು ಬೇರೆ ದೋಸೆ ತಂದು ತಾನೇ ಗಿರಿಜನ ಕೈಗೆ ಕೊಟ್ಟ. ಬೆಣ್ಣೆ ಬಿದ್ದ ದೋಸೆಯನ್ನು ನನ್ನ ತಟ್ಟೆಗೆ ಹಾಕಿ, “ಇದು ನನ್ನ ಕೈಯ ಲೆಕ್ಕ, ನೀವು ತಿನ್ನಿ ಅಜ್ಜಿ” ಅಂದ. ಬೈಸಿಕೊಂಡ ಮೇಲೂ ಹಾಗೆ ಕೊಟ್ಟ. “ನನ್ನ ಕೈಯೂ ಹಾಗೇ ಕಣಪ್ಪ” ಅಂದೆ. ಎರಡು ದೋಸೆಯನ್ನೂ ತಿಂದೆ.

ಮೆಟ್ರೋದಲ್ಲಿ ವಾಪಸ್ಸು ಹೊರಟೆವು. ನನಗೆ ಉಪಕಾರವಾಯಿತು ಅಂತ ಹೇಳಿ ಅಭ್ಯಾಸವಿಲ್ಲ, ಆ ಮಾತುಗಳು ನನ್ನ ಬಾಯಲ್ಲಿ ಬಾಡಿಗೆಗೆ ತಂದ ಒಡವೆಯ ಹಾಗೆ ಕಾಣುತ್ತವೆ. ಆದರೆ ಯೋಚನೆ ಬಿಡಲಿಲ್ಲ. ನಮ್ಮತ್ತೆ ಹಾಕಿದ ಒಂದು ಚೂರು ಬೆಲ್ಲವನ್ನು ಸೌಟಿನಲ್ಲಿ ಎತ್ತಿ ನಾನು ಮೋರಿಗೆ ಎಸೆದಿದ್ದೆ. ಗಿರಿಜನೂ ನನ್ನ ತಪ್ಪನ್ನು ಸೌಟಿನಲ್ಲಿಯೇ ಎತ್ತಿದಳು. ಇಪ್ಪತ್ತೆರಡು ದಿನ ಎತ್ತಿದಳು. ಎತ್ತಿ ಗೋಡೆಯ ಮೇಲಿಟ್ಟು, ಒಳಗೆ ಬಂದು, ಕೈ ತೊಳೆದುಕೊಂಡು, ನನ್ನ ಜೊತೆ ಕೂತು ಊಟ ಮಾಡಿದಳು. ಡಬ್ಬಗಳಿಗೆ ಚೀಟಿ ಅಂಟಿಸಿದ ಹಾಗೆಯೇ, ಗೊತ್ತಿದ್ದೂ ಗೊತ್ತಿಲ್ಲದವಳ ಹಾಗೆ. ಸೌಟು ಅದೇ. ಹಿಡಿದ ಕೈ ಬೇರೆ.

ಮಾರನೇ ದಿನ ಮಿಳ್ಳೆಯನ್ನು ಮೇಲಿನ ಅಟ್ಟಣಿಗೆಗೆ ಎತ್ತಿಟ್ಟೆ. ಅನ್ನ ಇಳಿಸಿದೆ. ಈ ಸಲ ಕೈಯನ್ನು ಕಳ್ಳನನ್ನು ಕಾದ ಹಾಗೆ ಕಾದೆ. ಅದು ಮಿಳ್ಳೆ ಇರುತ್ತಿದ್ದ ಜಾಗಕ್ಕೆ ಹೋಯಿತು, ಗಾಳಿಯನ್ನೇ ಹಿಡಿಯಿತು, ತಪ್ಪಲೆಯ ಮೇಲೆ ಬಂದು ಬಾಗಿತು. ನೀರು ಕುಡಿಯಲು ಬಂದ ಪ್ರಸನ್ನ, “ಏನಮ್ಮಾ ಮಾಡ್ತಿದೀಯ?” ಅಂದ. “ಪಾಠ ಹೇಳ್ಕೊಡ್ತಿದೀನಿ ಕೈಗೆ” ಅಂದೆ. ಮೂರು ದಿನ ಹೇಳಿಕೊಟ್ಟೆ, ಕಲಿಯಲಿಲ್ಲ. ಕೈಗೆ ಬುದ್ಧಿ ಹೇಳುವುದಕ್ಕಿಂತ ಮಿಳ್ಳೆಗೆ ಬುದ್ಧಿ ಹೇಳುವುದು ಸುಲಭ ಅನ್ನಿಸಿತು. ಅದನ್ನು ಕೆಳಗಿಳಿಸಿ, ಹುಣಸೆಹಣ್ಣು ಹಚ್ಚಿ, ತುಪ್ಪದ ಜಿಡ್ಡು ಹೋಗುವವರೆಗೂ ಉಜ್ಜಿ, ಗಾಣದ ಕಡಲೆಕಾಯಿ ಎಣ್ಣೆ ತುಂಬಿಸಿದೆ. ಅಪ್ಪನ ಅಂಗೈಯ ವಾಸನೆ ಅದರಲ್ಲಿ ಈಗ ಇಲ್ಲ. ಇರಲಿ, ಅಪ್ಪ ಬೇಸರ ಮಾಡಿಕೊಳ್ಳುವವರಲ್ಲ, ಎಷ್ಟೋ ಮನೆಯ ಎಷ್ಟೋ ನೇಮಕ್ಕೆ ಅಡುಗೆ ಮಾಡಿದವರು. ದೇವರ ಮುಂದೆ ನಿಂತು, “ತುಪ್ಪ ಅಲ್ಲ, ಎಣ್ಣೆ ಹಾಕಿದೀನಿ, ತಿಳ್ಕೊಂಡಿರು” ಅಂತ ಹೇಳಿಬಿಟ್ಟೆ. ನಾನೂ ಪ್ರಸನ್ನನೂ ತುಪ್ಪವನ್ನು ಈಗ ಡಬ್ಬದಿಂದ ಟೀ ಚಮಚದಲ್ಲಿ ಹಾಕಿಕೊಳ್ಳುತ್ತೇವೆ. ನಮ್ಮತ್ತೆ ಹಾಕಿಕೊಳ್ಳುತ್ತಿದ್ದ ಹಾಗೆ.

ತಿಂಗಳು ಮುಗಿದ ದಿನ ನಾನೇ, “ಪಂತದ ಪ್ರಕಾರ ಸೋತವಳು ನಾನು. ಆ ಡಬ್ಬ ಬಿಚ್ಕೊ” ಅಂದೆ.

“ಯಾವ ಡಬ್ಬ?” ಅಂದಳು ಗಿರಿಜ. ಹೋಗಿ ನೋಡಿದೆ. ಅದನ್ನು ಮಲಗಿಸಿ, ಅದರ ಮೇಲೆ ಹಪ್ಪಳದ ಡಬ್ಬ, ಅದರ ಮೇಲೆ ಸಂಡಿಗೆಯ ಡಬ್ಬ ಇಟ್ಟಿದ್ದಳು. ಎರಡಕ್ಕೂ ಹೊಸ ಚೀಟಿ ಅಂಟಿಸಿದ್ದಳು.

ಇದರಲ್ಲಿ ನಷ್ಟವಾದದ್ದು ಕಾಗೆಗೆ ಒಂದಕ್ಕೇ. ಎಣ್ಣೆಯ ಅನ್ನ ಇಟ್ಟ ಮೊದಲ ದಿನ ಅದು ಒಂದು ಅಗುಳು ಕುಕ್ಕಿ, ತಲೆ ಓರೆ ಮಾಡಿ, ಅಡುಗೆಮನೆಯ ಕಿಟಕಿಯ ಕಡೆ ಬಹಳ ಹೊತ್ತು ನೋಡಿತು. ಅನ್ನ ಹಾಗೇ ಬಿಟ್ಟು ಹಾರಿತು. ಎರಡನೇ ದಿನವೂ ಅದೇ. ಮೂರನೇ ದಿನ ನಾನು ತುಪ್ಪದ ಡಬ್ಬ, ಟೀ ಚಮಚ ಎರಡನ್ನೂ ತೆಗೆದುಕೊಂಡು ಹಿತ್ತಲಿಗೆ ಹೋಗಿ, ಗೋಡೆಯ ಮೇಲಿನ ಅನ್ನಕ್ಕೆ ತುಪ್ಪ ಹಾಕಿದೆ. ಗಿರಿಜ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

“ಕಾಗೆಗೆ ಯಾಕತ್ತೆ ಇನ್ನೂ ತುಪ್ಪ?”

“ರುಚಿ ಹತ್ತಿಸಿದ್ದು ನೀನು. ಅದೇನು ವ್ರತ ಹಿಡಿದಿಲ್ಲ.”

“ಪಿತೃಗಳು ಬರ್ತಾರೆ ಅಂತಾನಾ?”

“ಯಾವ ಪಿತೃನೂ ಇಲ್ಲ. ಕಾಗೆ ಕಾಗೇನೇ” ಅಂದೆ. ನನಗೆ ಅಂಥ ನಂಬಿಕೆ ಏನೂ ಇಲ್ಲ. ಆದರೆ ಆ ಕಾಗೆ ತುಪ್ಪದ ಅನ್ನ ಪೂರ್ತಿ ತಿಂದ ಮೇಲೂ ಹೋಗಲಿಲ್ಲ. ಇನ್ನೂ ಏನೋ ಬಾಕಿಯಿದೆ ಅನ್ನುವ ಹಾಗೆ, ಸೊಂಟದ ಮೇಲೆ ಕೈಯಿಟ್ಟು ನಿಂತವರ ಹಾಗೆ, ಅಲ್ಲೇ ಕೂತಿತ್ತು.

ಮಾರನೇ ದಿನ ಹುಳಿ ಕುದಿಯುವಾಗ ಒಂದು ಚೂರು ಬೆಲ್ಲ ಹಾಕಿದೆ. ಅರವತ್ತನಾಲ್ಕು ವರ್ಷದಲ್ಲಿ ಮೊದಲ ಸಲ. ಕಾಗೆಯ ಅನ್ನದ ಮೇಲೆ ಅರ್ಧ ಸೌಟು ಹುಯ್ದು ಬಂದು, ಒಳಗೆ ಮೂವರೂ ಊಟಕ್ಕೆ ಕೂತೆವು. ಗಿರಿಜ ಒಂದು ತುತ್ತು ತಿಂದು ನನ್ನ ಮುಖ ನೋಡಿದಳು, ಇನ್ನೊಂದು ಸೌಟು ಹುಳಿ ಹಾಕಿಸಿಕೊಂಡಳು. ಪ್ರಸನ್ನ ಚೆನ್ನಾಗಿದೆ ಅಂದ. ಚೆನ್ನಾಗಿಯೇ ಇತ್ತು.